ಹುಲಿ ಮೈಗೆ ಆನೆ ಸೊಂಡಿಲು: ಹೂಟಗಳ್ಳಿ ಹೊಲಿಗೆ ಮಿಷನ್ನಿಗೆ ಸಿಕ್ಕೀತೇ ಹೊಸ ಕೆಲಸ?

ಹೂಟಗಳ್ಳಿ: ಸ್ಪೇರ್ ಪಾರ್ಟು ಅಂದರೆ ಏನು ಅಂತ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಲಾರಿಗಳಿಗೆ ಆಕ್ಸಲ್ ಮಾಡುತ್ತದೆ. ಪಕ್ಕದ ಬೆಳವಾಡಿಯಲ್ಲಿ ಬಿಇಎಂಎಲ್ 1984ರಿಂದ ಡಂಪರ್ ಕಟ್ಟುತ್ತಿದೆ. ಒಂದೇ ಅಳತೆಗೆ ಮಾಡಿದ ಭಾಗ ಯಾವ ಗಾಡಿಗೆ ಹಾಕಿದರೂ ಕೂರಬೇಕು. ಕೂರದಿದ್ದರೆ ಅದು ಪಾರ್ಟಲ್ಲ, ಗುಜರಿ. ಷಿಫ್ಟ್ ಬಸ್ಸಿನಲ್ಲಿ ತೂಕಡಿಸುವ ಎಂಥ ಹುಡುಗನನ್ನು ಎಬ್ಬಿಸಿ ಕೇಳಿದರೂ ಇಷ್ಟನ್ನು ಹೇಳಿಯಾನು.

ಇದೇ ಸೂತ್ರ ಈಗ ಮಕ್ಕಳ ಬಟ್ಟೆ ಗೊಂಬೆಗೆ ಬಂದು ಕೂತಿದೆ. ಹತ್ತಿ ತುಂಬಿದ ಹುಲಿ. ಅದರ ತಲೆ ಕಿತ್ತರೆ ಕಿತ್ತು ಬರುತ್ತದೆ. ಹರಿದದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಆ ಜಾಗಕ್ಕೆ ಆನೆ ತಲೆ ಇಟ್ಟು ಒತ್ತಿದರೆ ಚರ್ ಅಂತ ಅಂಟಿಕೊಳ್ಳುತ್ತದೆ. ಬಾಲದ ಜಾಗಕ್ಕೆ ನವಿಲ ಗರಿ. ಬೆನ್ನಿಗೆ ಬೇಕೆಂದರೆ ಹದ್ದಿನ ರೆಕ್ಕೆ. ಅಪ್ಪ ಕಾರ್ಖಾನೆಯಲ್ಲಿ ಡಂಪರಿಗೆ ಚಕ್ರ ಜೋಡಿಸಿ ಬರುವ ಹೊತ್ತಿಗೆ ಮನೆಯಲ್ಲಿ ಮಗಳು ಹುಲಿಗೆ ಸೊಂಡಿಲು ಜೋಡಿಸಿ ಕೂತಿರುತ್ತಾಳೆ. ಇಬ್ಬರದೂ ಒಂದೇ ಕಸುಬು ಅನ್ನಿ!

ನಾಲ್ಕು ಪ್ರಾಣಿ ಕೊಂಡರೆ, ಒಂದೊಂದಕ್ಕೂ ತಲೆ, ಮೈ, ಬಾಲ ಅಂತ ಮೂರು ತುಂಡು ಇದ್ದರೆ, ಎಷ್ಟು ಪ್ರಾಣಿ ಮಾಡಬಹುದು? ಹನ್ನೆರಡು ಅಂದವರು ಇನ್ನೊಮ್ಮೆ ಲೆಕ್ಕ ಹಾಕಿ. ನಾಲ್ಕು ತಲೆ, ನಾಲ್ಕು ಮೈ, ನಾಲ್ಕು ಬಾಲ: ನಾಲ್ಕು ನಾಲ್ಕಲಿ ಹದಿನಾರು, ಹದಿನಾರು ನಾಲ್ಕಲಿ 64. ನಾಲ್ಕರ ದುಡ್ಡಿಗೆ ಅರವತ್ತನಾಲ್ಕು ಜೀವರಾಶಿ. ಅಂಗಡಿಯವರಿಗೆ ಇದು ಚೆನ್ನಾಗಿ ಅರ್ಥವಾಗುವ ಲೆಕ್ಕ.

ಇದರಲ್ಲಿ ಹೂಟಗಳ್ಳಿಯವರಿಗೆ ಏನು ಬಂತು ಅಂತ ಕೇಳಬಹುದು. ಬಂದದ್ದು ಹೊಲಿಗೆ ಮಿಷನ್ನಿನ ಕಡೆಯಿಂದ. ಪಂಚಾಯ್ತಿ ಹೋಗಿ ನಗರಸಭೆ ಬಂದ ಈ ಊರಿನಲ್ಲಿ, ಕೆಎಚ್‌ಬಿ ಕಾಲೋನಿಯಿಂದ ಹಿಡಿದು ಹಿನಕಲ್ ಕೂರ್ಗಳ್ಳಿವರೆಗೆ, ಬ್ಲೌಸು, ಫಾಲ್ಸು, ಸ್ಕೂಲ್ ಯೂನಿಫಾರಂ ಹೊಲಿದು ನಾಲ್ಕು ಕಾಸು ನೋಡುವ ಮನೆಗಳು ಉಂಟು. 2023ರ ಆಗಸ್ಟ್ 30ರಂದು ಇದೇ ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ, ಆ ದುಡ್ಡು ಕೂಡಿಟ್ಟು ಮಿಷನ್ ಕೊಂಡವರ ಸುದ್ದಿಯೂ ರಾಜ್ಯದ ಅಲ್ಲಲ್ಲಿಂದ ಬಂತು. ಮಿಷನ್ ಏನೋ ಬಂತು. ಆದರೆ ಬ್ಲೌಸಿಗೆ ಮದುವೆ ಸೀಸನ್ನು, ಯೂನಿಫಾರಂಗೆ ಜೂನ್ ತಿಂಗಳು. ಮಿಕ್ಕ ದಿನ ಮಿಷನ್ನಿನ ಮೇಲೆ ಟವೆಲ್ ಹೊದಿಸಿ ಇಡೋದು. ಅಂಥ ಮಿಷನ್ನಿಗೆ ಬಟ್ಟೆ ಗೊಂಬೆ ವರ್ಷಪೂರ್ತಿ ಕೆಲಸ ಕೊಟ್ಟೀತೇ ಅನ್ನೋದು ಪ್ರಶ್ನೆ. ಉತ್ತರ ಸುಲಭದಲ್ಲಿಲ್ಲ. ಅದರ ಅಡ್ಡಕ್ಕೆ ಒಂದು ಕಾನೂನು ಕೂತಿದೆ. ಅದರ ಮಾತು ಮುಂದೆ.

ಇದು ವಿಲಾಯ್ತಿ ಸರಕಲ್ಲ

ತಲೆ ಒಂದರದು, ಮೈ ಇನ್ನೊಂದರದು ಅಂದ ಕೂಡಲೇ ಇದೆಲ್ಲ ಫಾರಿನ್ ಹುಚ್ಚು ಅಂತ ಮೂಗು ಮುರಿಯುವವರು ಸ್ವಲ್ಪ ನಿಧಾನಿಸಬೇಕು. ಆನೆ ತಲೆಯ ದೇವರಿಗೆ ವರ್ಷವರ್ಷ ಕಡುಬು ಮಾಡಿ ಬಡಿಸುವ ಜನ ನಾವು. ಕಂಬ ಒಡೆದು ಬಂದವನ ತಲೆ ಸಿಂಹದ್ದು. ಕರ್ನಾಟಕ ಸರ್ಕಾರದ ಲಾಂಛನ ನೋಡಿ. ನಡುವೆ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಸಿಂಹದ ಮೈಗೆ ಆನೆಯ ತಲೆ ಹೊತ್ತ ಶರಭಗಳು. ತಾಲ್ಲೂಕು ಕಚೇರಿಯ ನೋಟೀಸು ಕೈಗೆ ಬಂದಾಗ ತಲೆಬಿಸಿಯಲ್ಲಿ ಯಾರೂ ಗಮನಿಸೋದಿಲ್ಲ, ಅಷ್ಟೆ.

ಟಿ. ನರಸೀಪುರದ ಹತ್ತಿರ ಸೋಮನಾಥಪುರಕ್ಕೆ ಹೋದವರು ಗುಡಿಯ ಗೋಡೆಯ ಬುಡದಲ್ಲಿ ಸಾಲಾಗಿ ನಿಂತ ಮಕರಗಳನ್ನು ನೋಡಿರುತ್ತಾರೆ. ಹೊಯ್ಸಳರ ಕಾಲದ, 13ನೇ ಶತಮಾನದ ಕೆಲಸ. ಗೈಡುಗಳು ಅದನ್ನು ಬಿಡಿಸಿ ಹೇಳುವ ರೀತಿಯೇ ಚೆಂದ: ಸೊಂಡಿಲು ಆನೇದು, ಬಾಯಿ ಮೊಸಳೇದು, ಮೈ ಹಂದೀದು, ಕಾಲು ಸಿಂಹದ್ದು, ಬಾಲ ನವಿಲಿಂದು. ಈಗಿನ ಗೊಂಬೆ ಕಂಪನಿಗಳು ಡಬ್ಬಿಯ ಮೇಲೆ ಬರೆಯುವ ಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ಕಲ್ಲಿನದು ಬಿಚ್ಚಲು ಬರೋದಿಲ್ಲ, ಅದೊಂದೇ.

ಬಿಚ್ಚಲು ಬರುವಂಥದ್ದೂ ಇತ್ತು. ಸಿಂಧೂ ಬಯಲಿನ ಮೊಹೆಂಜೊದಾರೊದಲ್ಲಿ ಮಣ್ಣಿನ ಎತ್ತು ಸಿಕ್ಕಿದೆ. ತಲೆ ಬೇರೆ ಮಾಡಿ, ಮೈ ಬೇರೆ ಮಾಡಿ, ದಾರ ಪೋಣಿಸಿ, ತಲೆ ಅಲ್ಲಾಡುವ ಹಾಗೆ ಮಾಡಿದ್ದಾರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು. ಹೂಟಗಳ್ಳಿಯ ಹೆಸರಿನಲ್ಲೇ ಹೂಟ ಇದೆ, ಹೂಡುವ ಎತ್ತು ಕಾಣೋದು ಮಾತ್ರ ಅಪರೂಪವಾಗಿದೆ. ಇಲ್ಲಿನ ಹಳೇ ತಲೆಗಳು ಚಿಕ್ಕವರಿದ್ದಾಗ ಜೋಳದ ದಂಟಿನ ಬೆಂಡು ಬಿಡಿಸಿ, ಸಿಬಿರಿನಿಂದ ಚುಚ್ಚಿ, ಎತ್ತು ಗಾಡಿ ಮಾಡಿದವರೇ. ಕೊಂಬು ಮುರಿದರೆ ಇನ್ನೊಂದು ಸಿಬಿರು. ಬದನೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿದರೆ ಕುರಿ, ತೊಟ್ಟು ಹಿಂದೆ ಮಾಡಿದರೆ ಇಲಿ. ಸಂಜೆ ಅದೇ ಕುರಿ ಹುಳಿಗೆ ಹೋಗುತ್ತಿತ್ತು.

ತಮಾಷೆ ಏನೆಂದರೆ ಅಮೆರಿಕದಲ್ಲಿ ಇದೇ ಕೆಲಸಕ್ಕೆ ದುಡ್ಡು ಹುಟ್ಟಿತು. 1952ರಲ್ಲಿ ಹ್ಯಾಸ್ಬ್ರೋ ಕಂಪನಿ ‘ಮಿಸ್ಟರ್ ಪೊಟೇಟೊ ಹೆಡ್’ ಅಂತ ಒಂದು ಡಬ್ಬಿ ಮಾರಿತು. ಡಬ್ಬಿಯೊಳಗೆ ಪ್ಲಾಸ್ಟಿಕ್ಕಿನ ಕಣ್ಣು, ಮೂಗು, ಮೀಸೆ, ಕಿವಿ. ಆಲೂಗಡ್ಡೆ ಮಾತ್ರ ಇಲ್ಲ! ಅದನ್ನು ಅಡಿಗೆಮನೆಯಿಂದ ತಂದುಕೊಳ್ಳಬೇಕು. ಟೆಲಿವಿಷನ್ನಿನಲ್ಲಿ ಜಾಹೀರಾತು ಕಂಡ ಮೊದಲ ಆಟದ ಸಾಮಾನು ಇದೇ. ಆಲೂಗಡ್ಡೆ ಕೊಳೆತು ಮಂಚದ ಕೆಳಗೆ ನಾರುವುದು, ಚುಚ್ಚುವ ಮೊಳೆ ಮಕ್ಕಳಿಗೆ ಅಪಾಯ, ಇಂಥ ತಕರಾರು ಬಂದ ಮೇಲೆ 1964ರಲ್ಲಿ ಪ್ಲಾಸ್ಟಿಕ್ಕಿನ ಆಲೂಗಡ್ಡೆಯನ್ನೂ ಜೊತೆಗೆ ಕೊಡತೊಡಗಿದರು.

ಒಬ್ಬ ದರ್ಜಿ ಹೆಂಗಸಿನ ಕಥೆ

ಹತ್ತಿ ತುಂಬಿದ ಪ್ರಾಣಿಯ ದಂಧೆ ಜಗತ್ತಿನಲ್ಲಿ ಶುರುವಾದದ್ದು ಹೊಲಿಗೆ ಮಿಷನ್ನಿನಿಂದಲೇ. ಇದನ್ನು ಮನೆಯಲ್ಲಿ ಹೊಲಿಯುವವರು ತಿಳಿದುಕೊಳ್ಳಬೇಕು.

ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ ಮಾರ್ಗರೆಟ್ ಸ್ಟೈಫ್ ಅಂತ ಒಬ್ಬಾಕೆ, ಹುಟ್ಟಿದ್ದು 1847ರಲ್ಲಿ. ಕೂಸಾಗಿದ್ದಾಗಲೇ ಪೋಲಿಯೋ ಬಡಿದು ಕಾಲು ಎರಡೂ ಹೋದವು, ಬಲಗೈಯೂ ಸೋತಿತು. ತಳ್ಳುಕುರ್ಚಿಯಲ್ಲಿ ಕೂತೇ ಹೊಲಿಗೆ ಕಲಿತಳು. 1880ರಲ್ಲಿ ಉಣ್ಣೆಯ ಫೆಲ್ಟ್ ಬಟ್ಟೆಯಿಂದ ಆನೆಯ ಆಕಾರದ ಸೂಜಿ ದಿಂಬು ಹೊಲಿದಳು. ಸೂಜಿ ಚುಚ್ಚಿಡಲಿಕ್ಕೆ ಅಂತ ಮಾಡಿದ್ದು. ಆದರೆ ಮಕ್ಕಳು ಎತ್ತಿಕೊಂಡು ಆಟಕ್ಕೆ ಓಡಿದವು. ಬೇಡಿಕೆ ಬಂತು. ಕುದುರೆ, ನಾಯಿ, ಹಂದಿ ಎಲ್ಲ ಹೊಲಿದಳು. ಕಾರ್ಖಾನೆ ಎದ್ದಿತು.

ಅವಳ ತಮ್ಮನ ಮಗ ರಿಚರ್ಡ್ 1902ರಲ್ಲಿ ಕರಡಿಯೊಂದನ್ನು ರೂಪಿಸಿದ. ಅದರ ಕೈ, ಕಾಲು, ತಲೆಯನ್ನು ಬೇರೆಬೇರೆ ಹೊಲಿದು ಮೈಗೆ ಕೀಲು ಹಾಕಿ ಜೋಡಿಸಿದ್ದ. ಕೂರಿಸಿದರೆ ಕೂರುತ್ತಿತ್ತು, ತಿರುಗಿಸಿದರೆ ಕತ್ತು ತಿರುಗಿಸುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪ್ಪಿಯಲ್ಲಿ ಶಿಕಾರಿಗೆ ಹೋಗಿ, ಕಟ್ಟಿಹಾಕಿದ ಕರಡಿಗೆ ಗುಂಡು ಹಾರಿಸಲಾರೆ ಅಂದದ್ದು ಪತ್ರಿಕೆಯಲ್ಲಿ ವ್ಯಂಗ್ಯಚಿತ್ರವಾಯಿತು. ಅವನ ಅಡ್ಡಹೆಸರು ಟೆಡ್ಡಿ. ಕರಡಿಯೂ ಟೆಡ್ಡಿ ಆಯಿತು. 1907ರ ಒಂದೇ ವರ್ಷ ಸ್ಟೈಫ್ ಕಾರ್ಖಾನೆಯಿಂದ 9 ಲಕ್ಷಕ್ಕೂ ಹೆಚ್ಚು ಕರಡಿ ಹೊರಬಿದ್ದವು. ಮಾರ್ಗರೆಟ್ ಎರಡು ವರ್ಷದ ನಂತರ ತೀರಿಕೊಂಡಳು. ಆಗಿನ ಕರಡಿಯ ಕೈಕಾಲು ತಿರುಗುತ್ತಿದ್ದವು, ಕಳಚುತ್ತಿರಲಿಲ್ಲ. ಕಳಚಿ ಇನ್ನೊಂದಕ್ಕೆ ಹಾಕುವ ಯೋಚನೆಗೆ ಬೇರೊಂದು ವಸ್ತು ಬೇಕಿತ್ತು.

ಆ ವಸ್ತು ಯಾವುದೆಂದು ಗೊತ್ತಾಗಬೇಕಾದರೆ ಹೂಟಗಳ್ಳಿಯ ಯಾವುದಾದರೂ ಖಾಲಿ ಸೈಟಿನಲ್ಲಿ ಪಂಚೆ ಉಟ್ಟು ಅಡ್ಡ ಹಾಯಬೇಕು. ಈಚೆ ಬರೋ ಹೊತ್ತಿಗೆ ಅಂಚಿನ ತುಂಬ ಉತ್ತರಾಣಿ ಬೀಜ. ಎಷ್ಟು ಕೊಡವಿದರೂ ಬೀಳವು. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಲ್ ಎಂಬ ಇಂಜಿನಿಯರಿಗೂ 1941ರಲ್ಲಿ ಇದೇ ಆಯಿತು. ಶಿಕಾರಿಗೆ ಹೋಗಿ ಬಂದಾಗ ನಾಯಿಯ ಮೈ ತುಂಬ ಇಂಥದೇ ಒಂದು ಜಾತಿಯ ಕಾಯಿ. ನಾವಾದರೆ ಬೈದು ಕೀಳುತ್ತೇವೆ. ಆತ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಕಾಯಿಯ ತುದಿಯಲ್ಲಿ ಕೊಕ್ಕೆ, ಕೂದಲಲ್ಲಿ ಕುಣಿಕೆ. ಹದಿನಾಲ್ಕು ವರ್ಷ ಕಳೆದು 1955ರಲ್ಲಿ ಪೇಟೆಂಟ್ ಬಂತು. ಅದೇ ವೆಲ್ಕ್ರೋ. ಸ್ಕೂಲ್ ಮಕ್ಕಳ ಷೂಗೆ, ಬಿ.ಪಿ. ನೋಡುವ ಪಟ್ಟಿಗೆ, ಈಗ ಹುಲಿಯ ಕುತ್ತಿಗೆಗೆ.

ಹುಲಿ ತುಂಬಿದ ಊರು

ಮೈಸೂರಿಗೆ ಪ್ರಾಣಿ ‘ತುಂಬುವ’ ಕೆಲಸದಲ್ಲಿ ಇನ್ನೊಂದು ಹೆಸರೂ ಇತ್ತು, ಅದು ಆಟದ ಮಾತಲ್ಲ. 1900ರ ಸುಮಾರಿಗೆ ಇಲ್ಲಿ ಶುರುವಾದ ವ್ಯಾನ್ ಇಂಗೆನ್ ಕಾರ್ಖಾನೆ ಮಹಾರಾಜರು, ದೊರೆಗಳು ಹೊಡೆದ ನಿಜವಾದ ಹುಲಿ ಚಿರತೆಗಳ ಚರ್ಮ ಹದ ಮಾಡಿ, ಕಾಗದದ ಗಾರೆಯ ಅಚ್ಚಿನ ಮೇಲೆ ಹೊದಿಸಿ, ಗಾಜಿನ ಕಣ್ಣಿಟ್ಟು ಕೊಡುತ್ತಿತ್ತು. 40 ಸಾವಿರಕ್ಕೂ ಮೇಲ್ಪಟ್ಟು ಹುಲಿ ಚಿರತೆಗಳು ಅಲ್ಲಿಂದ ದೇಶವಿದೇಶದ ದಿವಾನಖಾನೆಗೆ ಹೋದವು. ಅಲ್ಲಿಯೂ ಅಳತೆಗೆ ತಕ್ಕ ಅಚ್ಚುಗಳನ್ನು ಸಿದ್ಧ ಇಟ್ಟುಕೊಂಡೇ ಕೆಲಸ ನಡೆದದ್ದು. ಒಂದೊಂದು ಹುಲಿಗೂ ಹೊಸದಾಗಿ ಕೆತ್ತುತ್ತಾ ಕೂತರೆ ಅಷ್ಟು ಮಾಡಲು ಆಗುತ್ತದೆಯೇ? 1972ರ ವನ್ಯಜೀವಿ ಕಾಯ್ದೆ ಬಂತು, ಶಿಕಾರಿ ನಿಂತಿತು. 1999ರಲ್ಲಿ ಕಾರ್ಖಾನೆಯೂ ಬಾಗಿಲು ಹಾಕಿತು. ಈಗ ಮೃಗಾಲಯದಲ್ಲಿ ಜೀವಂತ ಹುಲಿ ನೋಡಿ ಈಚೆ ಬಂದ ಮಗು ಅಪ್ಪನ ಜೇಬಿಗೆ ಕೈ ಹಾಕೋದು ಬಟ್ಟೆ ಹುಲಿಗೆ. ಬದಲಾವಣೆ ಒಳ್ಳೆಯದಕ್ಕೇ ಆಗಿದೆ.

ಆ ಬಟ್ಟೆ ಹುಲಿಯ ಹೊಟ್ಟೆಯಲ್ಲಿ ಏನಿದೆ ಅನ್ನೋದೇ ಈಗಿನ ಜಗಳ.

2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ದೆಹಲಿ ಸುತ್ತಮುತ್ತಲ ಅಂಗಡಿಗಳಿಂದ 121 ಬಗೆಯ ಆಮದು ಆಟಿಕೆ ಎತ್ತಿ ಪರೀಕ್ಷೆಗೆ ಹಾಕಿತು. ಶೇ. 66.90 ಫೇಲು. ಮೂರರಲ್ಲಿ ಎರಡು ಪಾಲು! ಸರ್ಕಾರ 2020ರ ಫೆಬ್ರವರಿಯಲ್ಲಿ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತು. 2023ರಲ್ಲಿ ಆಟಿಕೆಗೂ ಅದರ ಬಿಡಿಭಾಗಕ್ಕೂ ಶೇ. 70 ಮಾಡಿತು. ಅದರ ಜೊತೆಗೇ ಬಂದದ್ದು 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ. 2021ರ ಜನವರಿ 1ರಿಂದ ಜಾರಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಕ್ಕೆ ಅಂತ ಮಾಡಿದ ಯಾವುದೇ ಸಾಮಾನಿನ ಮೇಲೆ ಐಎಸ್‌ಐ ಮುದ್ರೆ ಇರಲೇಬೇಕು. ಮಾಡುವವನಿಗೆ ಮಾತ್ರವಲ್ಲ, ಮಾರುವ ಅಂಗಡಿಯವನಿಗೂ ಇದೇ ಕಟ್ಟು.

ಅಂಗಡಿ ಮಾಲೀಕರೇ, ಇದನ್ನು ಎರಡು ಸಲ ಓದಿ. 2016ರ ಮಾನಕ ಬ್ಯೂರೋ ಕಾಯ್ದೆ ಬರೆದಾಗ ಮೊದಲ ತಪ್ಪಿಗೆ ಇಟ್ಟ ಶಿಕ್ಷೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. 2023ರ ಜನವರಿಗೆ ಹಿಂದಿನ ಒಂದೇ ತಿಂಗಳಲ್ಲಿ ದೇಶದ ದೊಡ್ಡ ದೊಡ್ಡ ಮಾಲುಗಳು, ವಿಮಾನ ನಿಲ್ದಾಣದ ಮಳಿಗೆಗಳ ಮೇಲೆ ದಾಳಿ ಮಾಡಿ 18 ಸಾವಿರಕ್ಕೂ ಹೆಚ್ಚು ಆಟಿಕೆ ಹಿಡಿದರು. ಹವಾನಿಯಂತ್ರಿತ ಅಂಗಡಿಗೇ ಬಂದವರು ರಿಂಗ್ ರೋಡಿನ ಪಕ್ಕದ ಅಂಗಡಿಗೆ ಬರೋದಿಲ್ಲ ಅಂತ ಹೇಗೆ ಹೇಳೋದು?

ನೋಡಬೇಕಾದ್ದು ಇಷ್ಟೆ. ಬ್ಯಾಟರಿ ಇಲ್ಲದ ಗೊಂಬೆಯಾದರೆ ಐಎಸ್‌ಐ ಮುದ್ರೆಯ ಮೇಲೆ ಐಎಸ್ 9873 ಅಂತ ಇರಬೇಕು. ಕರೆಂಟು ಬ್ಯಾಟರಿಯದಾದರೆ 15644. ಮುದ್ರೆಯ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು. ಆ ನಂಬರನ್ನು ಮೊಬೈಲಿನಲ್ಲಿ ‘ಬಿಐಎಸ್ ಕೇರ್’ ಆಪ್ ತೆರೆದು ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಜೀವ ಇದೆಯೋ ಸತ್ತಿದೆಯೋ ಎಲ್ಲ ಬರುತ್ತದೆ. ಮುದ್ರೆಯನ್ನೇ ನಕಲಿ ಹಾಕುವ ಖದೀಮರೂ ಇದ್ದಾರೆ, ಆದ್ದರಿಂದ ಮುದ್ರೆ ಕಂಡರೆ ಸಾಲದು, ನಂಬರು ಹಾಕಿ ನೋಡಿಯೇ ಹೋಲ್‌ಸೇಲಿನವನಿಗೆ ದುಡ್ಡು ಎಣಿಸೋದು ಜಾಣತನ. ಅಂದ ಹಾಗೆ, 2025ರ ಸೆಪ್ಟೆಂಬರ್ 22ರಿಂದ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಯ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೇ ದರ ಹೇಳುವ ಬಿಲ್ಲು ಬಂದರೆ ಕೇಳಿ.

ಮನೆಯಲ್ಲಿ ಹೊಲಿಯುವಾಕೆ ಏನು ಮಾಡಬೇಕು?

ಕೆಎಚ್‌ಬಿ ಕಾಲೋನಿಯ ಒಬ್ಬಾಕೆ ಅಂತಿಟ್ಟುಕೊಳ್ಳಿ. ದರ್ಜಿ ಅಂಗಡಿಗಳಿಂದ ಕಟ್‌ಪೀಸು ಚಿಂದಿ ತಂದು, ಒಗೆದು, ಹುಲಿ, ಆನೆ, ಮೊಸಳೆ, ನವಿಲು ಹೊಲಿದಳು. ಎಲ್ಲಕ್ಕೂ ಒಂದೇ ಅಳತೆಯ ಕುತ್ತಿಗೆ. ಪಕ್ಕದ ಮನೆಯ ಮಗು ಕುಣಿದಾಡಿತು. ತನ್ನ ಮಗುವಿಗೋ ತಂಗಿಯ ಮಗುವಿಗೋ ಕೊಟ್ಟರೆ ಕಾನೂನು ಕಣ್ಣೆತ್ತಿ ನೋಡೋದಿಲ್ಲ. ಆದರೆ ಅದನ್ನೇ ಮೂಲೆ ಅಂಗಡಿಯ ಶೋಕೇಸಿನಲ್ಲಿ ನೇತುಹಾಕಿದರೋ, ಅಲ್ಲಿಗೆ ಆಕೆಯೂ ಒಂದು ಆಟಿಕೆ ಕಾರ್ಖಾನೆ! ಚೀನಾದಿಂದ ಕಂಟೇನರ್ ತರಿಸುವವನಿಗೂ ಆಕೆಗೂ ಒಂದೇ ಆದೇಶ. ಲೈಸೆನ್ಸಿಗೆ ಅರ್ಜಿ ಹಾಕಬೇಕು, ಫೀಸು ಕಟ್ಟಬೇಕು, ಅಧಿಕಾರಿ ಬಂದು ನೋಡಬೇಕು, ನಮೂನೆ ಪ್ರಯೋಗಾಲಯಕ್ಕೆ ಹೋಗಬೇಕು. ಅತಿಸಣ್ಣ ಘಟಕಗಳಿಗೆ ಫೀಸಿನಲ್ಲಿ ರಿಯಾಯ್ತಿ ಇದೆ, ಇಲ್ಲ ಅಂತಲ್ಲ. ಆದರೂ ವರ್ಷಕ್ಕೆ ನೂರಿನ್ನೂರು ಗೊಂಬೆ ಮಾರುವವಳಿಗೆ ಅದು ಕತ್ತೆ ಕೊಂಡು ಆನೆಗೆ ಅಂಬಾರಿ ಮಾಡಿಸಿದ ಹಾಗೆ.

ಹಾಗಂತ ಕಾನೂನನ್ನೇ ಬೈಯೋದು ಸರಿಯಲ್ಲ. ಅದು ಬಂದದ್ದು ಮಗುವಿನ ಗಂಟಲು ಉಳಿಸಲಿಕ್ಕೆ. ಬಟ್ಟೆ ಗೊಂಬೆಯ ಕಣ್ಣು ಮೂಗು ಎಳೆದು ನೋಡುತ್ತಾರೆ, ಹೊಲಿಗೆ ಹಿಗ್ಗಿಸಿ ನೋಡುತ್ತಾರೆ, ಬೆಂಕಿ ಎಷ್ಟು ಬೇಗ ಹತ್ತುತ್ತದೆ ನೋಡುತ್ತಾರೆ, ಬಣ್ಣದಲ್ಲಿ ಸೀಸವೋ ಇನ್ನೇನೋ ವಿಷ ಇದೆಯೇ ನೋಡುತ್ತಾರೆ. ಕಿತ್ತು ಬರುವ ಚೂರು 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯೊಳಗೆ ಪೂರ್ತಿ ಇಳಿದರೆ ಮೂರು ವರ್ಷದೊಳಗಿನ ಮಗುವಿಗೆ ಅದು ನಿಷಿದ್ಧ. ಸುಮಾರು ಒಂದೂಕಾಲು ಅಂಗುಲ. ಹಳೇ ಕ್ಯಾಮೆರಾ ರೀಲಿನ ಪ್ಲಾಸ್ಟಿಕ್ ಡಬ್ಬಿ ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಹೆಚ್ಚುಕಡಿಮೆ ಅದೇ ಅಗಲ, ಹುಡುಕಿ ತೆಗೆದಿಡಿ. ಗೊಂಬೆಯ ಕಣ್ಣು, ಗುಂಡಿ, ಪುಟ್ಟ ಬಾಲ ಅದರೊಳಗೆ ಬಿದ್ದರೆ ಮಗುವಿನ ಗಂಟಲಿಗೂ ಬಿತ್ತು ಅಂತಲೇ ಲೆಕ್ಕ.

ಭಾಗ ಕಳಚುವ ಗೊಂಬೆಯಲ್ಲಿ ಈ ಅಪಾಯ ಒಂದು ಕೈ ಹೆಚ್ಚು. ಮಾಮೂಲು ಗೊಂಬೆಯಲ್ಲಿ ಬಾಲ ಕಿತ್ತು ಬಂದರೆ ಅದು ದೋಷ. ಇಲ್ಲಿ ಕಿತ್ತು ಬರೋದೇ ಆಟ. ಹಾಗಾಗಿ ಒಂದು ತುಂಡೂ ಮಗುವಿನ ಮುಷ್ಟಿಗಿಂತ ಸಣ್ಣದಿರಬಾರದು. ಇನ್ನು ಕೆಲವರು ವೆಲ್ಕ್ರೋ ಬದಲು ಅಯಸ್ಕಾಂತ ಇಟ್ಟು ಹೊಲಿಯುತ್ತಾರೆ. ಟಕ್ಕಂತ ಅಂಟಿಕೊಳ್ಳುತ್ತದೆ, ನೋಡಲು ಮಜಾ. ಆದರೆ ಹೊಲಿಗೆ ಬಿಚ್ಚಿ ಎರಡು ಅಯಸ್ಕಾಂತ ಮಗುವಿನ ಹೊಟ್ಟೆ ಸೇರಿದರೆ, ಕರುಳಿನ ಎರಡು ಮಡಿಕೆಯಲ್ಲಿ ಕೂತು ಒಂದನ್ನೊಂದು ಎಳೆದು, ನಡುವೆ ಸಿಕ್ಕ ಕರುಳು ತೂತಾಗುತ್ತದೆ. ಆಪರೇಷನ್ ತನಕ ಹೋಗುತ್ತದೆ. ಒತ್ತಿದರೆ ಕೂಗುವ ಗೊಂಬೆಯೊಳಗಿನ ಗುಂಡಿ ಸೆಲ್ಲೂ ಅಷ್ಟೇ ಕೆಟ್ಟದ್ದು. ಮನೆಯಲ್ಲಿ ಹೊಲಿಯುವವರು ಈ ಎರಡನ್ನು ಮುಟ್ಟಲೇಬಾರದು.

ಹೊಲಿಯೋದು ಹೇಗೆ ಅಂತ ಕೇಳುವವರಿಗೆ ನಾಲ್ಕು ಮಾತು. ಗುಟ್ಟೆಲ್ಲ ಇರೋದು ಅಳತೆಯಲ್ಲಿ. ಮೊದಲು ರಟ್ಟಿನಲ್ಲಿ ಒಂದು ದುಂಡು ಬಿಲ್ಲೆ ಕತ್ತರಿಸಿಟ್ಟುಕೊಳ್ಳಿ. ಎಲ್ಲ ಪ್ರಾಣಿಯ ಕುತ್ತಿಗೆಯೂ ಆ ಬಿಲ್ಲೆಯ ಅಳತೆಗೇ ಬರಬೇಕು. ಜಿರಾಫೆಗೆ ಸಣ್ಣದು, ಆನೆಗೆ ದೊಡ್ಡದು ಮಾಡಿದಿರೋ, ಆಟ ಅಲ್ಲಿಗೇ ಮುಗಿಯಿತು. ವೆಲ್ಕ್ರೋದಲ್ಲಿ ಒಂದು ಮಗ್ಗುಲು ಮೆತ್ತಗೆ, ಇನ್ನೊಂದು ಒರಟು. ಮೆತ್ತಗಿನದು ಎಲ್ಲ ಮೈಗೂ, ಒರಟು ಎಲ್ಲ ತಲೆ ಬಾಲಕ್ಕೂ. ಮಗು ತಬ್ಬಿ ಮಲಗೋದು ಮೈಯನ್ನು. ಒರಟು ಅಲ್ಲಿದ್ದರೆ ಕೆನ್ನೆ ತರಚುತ್ತದೆ. ಕಣ್ಣಿಗೆ ಗುಂಡಿ ಬೇಡ, ದಾರದಲ್ಲಿ ಕಸೂತಿ ಹಾಕಿ. ಟಿಚ್ ಬಟನ್ನೂ ಬೇಡ. ಹೊಟ್ಟೆಗೆ ತಲೆದಿಂಬಿನ ಫೈಬರ್ ಹತ್ತಿ ಆದೀತು, ಒಗೆದರೆ ಗಂಟು ಕಟ್ಟೋದಿಲ್ಲ. ಬೂರುಗದ ಹತ್ತಿ ಮೆತ್ತಗೇನೋ ಇರುತ್ತದೆ, ನೀರು ಬಿದ್ದರೆ ಉಂಡೆ. ಥರ್ಮೋಕೋಲ್ ಕಾಳು ತುಂಬಿದ್ದನ್ನು ಮಗುವಿನ ಹತ್ತಿರ ಬಿಡಬೇಡಿ. ಹೊಲಿಗೆ ಎರಡೆರಡು ಸಲ ಓಡಿಸಿ. ಚಿಂದಿ ಬಟ್ಟೆ ಬಣ್ಣ ಬಿಡುತ್ತದೆಯೇ ಅಂತ ಬಿಸಿನೀರಿನಲ್ಲಿ ಅದ್ದಿ ಮೊದಲೇ ನೋಡಿ. ಮಗು ಅದನ್ನು ಚೀಪದೆ ಬಿಡೋದಿಲ್ಲ. ತಿಂಗಳು ಕಳೆದ ಮೇಲೆ ಅಂಟೋದು ಕಮ್ಮಿ ಆಯಿತು ಅಂದರೆ ವೆಲ್ಕ್ರೋ ಸತ್ತಿಲ್ಲ, ಕೊಕ್ಕೆಯಲ್ಲಿ ಧೂಳು ಕೂದಲು ಕೂತಿದೆ ಅಷ್ಟೆ. ಹಳೇ ಸೀರಣಿಗೆಯಲ್ಲಿ ಬಾಚಿದರೆ ಹೊಸದರ ಹಾಗೆ.

ಇಷ್ಟೆಲ್ಲ ಪಾಡು ಯಾಕೆ, ಒಂದು ರೆಡಿಮೇಡ್ ಕರಡಿ ತಂದು ಕೊಟ್ಟರಾಗದೇ ಅನ್ನುವ ಅಪ್ಪಂದಿರೂ ಇದ್ದಾರೆ. ಕೊಡಿ. ಎರಡು ದಿನ ಆಡಿ ಮೂರನೇ ದಿನ ಅದು ಬೀರುವಿನ ಮೇಲೆ ಧೂಳು ತಿನ್ನುತ್ತದೆ. ಕಳಚುವ ಗೊಂಬೆ ಕೊಟ್ಟು ನೋಡಿ, ಮಗು ಸುಮ್ಮನೆ ಕೂರೋದಿಲ್ಲ. ಇದಕ್ಕೆ ಏನು ಹೆಸರು, ಇದು ಏನು ತಿನ್ನುತ್ತೆ, ಮೊಸಳೆ ಬಾಯಿ ಇದೆ ಆದರೆ ಕಾಲು ಆನೇದು, ನೀರಿಗಿಳಿದರೆ ಮುಳುಗುತ್ತಾ? ಕೇಳಿ ಕೇಳಿ ತಲೆ ತಿನ್ನುತ್ತದೆ. ತಲೆ ತಿನ್ನುವ ಮಗುವೇ ಬೇಕಾದ್ದು. ಮಾತು ತಡವಾದ ಮಕ್ಕಳಿಗೆ ಕಿವಿ, ಬಾಲ, ಮೂಗು ಅಂತ ತೋರಿಸಿ ನುಡಿ ಕಲಿಸಲು ಗೊಂಬೆ ಹಿಡಿಯೋದು ವಾಕ್ ಚಿಕಿತ್ಸೆಯ ಹಳೆಯ ಕ್ರಮ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇರುವ ಊರಿನವರಿಗೆ ಇದು ಹೊಸ ಸುದ್ದಿಯಲ್ಲ. ಒತ್ತಿ ಅಂಟಿಸೋದು, ಎಳೆದು ಬಿಡಿಸೋದು ಬೆರಳಿಗೂ ವ್ಯಾಯಾಮ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳು ತಾನೇ.

ಸರ್ಕಾರಕ್ಕೂ ಇದು ಗೊತ್ತಿದೆ. 2020ರ ಶಿಕ್ಷಣ ನೀತಿ ಆಟಿಕೆ ಹಿಡಿದು ಪಾಠ ಮಾಡಿ ಅಂದಿತು. 2023ರ ಫೆಬ್ರವರಿಯಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ‘ಜಾದೂಯಿ ಪಿಟಾರಾ’ ಎಂಬ ಪೆಟ್ಟಿಗೆ ಬಿಡುಗಡೆ ಮಾಡಿದರು, ಒಳಗೆ ಗೊಂಬೆ, ಒಗಟು, ಚಿತ್ರ ಎಲ್ಲ. ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಮೊದಲು ಕಾಲಿಟ್ಟದ್ದೇ ನಮ್ಮ ಜಿಲ್ಲೆಯಲ್ಲಿ, 1975ರ ಅಕ್ಟೋಬರ್ 2ರಂದು, ಟಿ. ನರಸೀಪುರದಲ್ಲಿ. ಐವತ್ತು ವರ್ಷ ತುಂಬಿತು. ಅಂಗನವಾಡಿಗೆ ಬೇಕಾದ ಬಟ್ಟೆ ಗೊಂಬೆಯನ್ನು ಅದೇ ಬಡಾವಣೆಯ ಹೆಂಗಸರ ಸಂಘದಿಂದ ಹೊಲಿಸಿ, ಒಂದೇ ಸಲ ಪರೀಕ್ಷೆ ಮಾಡಿಸಿ ಕೊಂಡರೆ ಏನು ಗಂಟು ಹೋಗುತ್ತದೆ? ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕುವಷ್ಟು ದೊಡ್ಡ ಮನಸ್ಸು ಮಾಡಿದ ರಾಜ್ಯಕ್ಕೆ ಇದೇನು ಭಾರವಲ್ಲ. ದೊಡ್ಡ ಕಾರ್ಖಾನೆಗೆ ಎಕರೆ ಸಿಗುತ್ತದೆ, ಒಂದು ಮಿಷನ್ನಿನವಳಿಗೆ ಅರ್ಜಿ ಫಾರಂ ಸಿಗೋದು ಕಷ್ಟ.

ಒಂದು ಕಿಂಡಿ ಉಂಟು

ಆದರೂ ಕಾನೂನಿನಲ್ಲಿ ಒಂದು ಕಿಂಡಿ ಇದೆ. ಹೊಲಿಯುವ ಬಹಳ ಮಂದಿಗೆ ಇದು ಗೊತ್ತಿಲ್ಲ. 2020ರ ಡಿಸೆಂಬರಿನಲ್ಲಿ ಆದೇಶಕ್ಕೆ ತಿದ್ದುಪಡಿ ಬಂತು. ಭೌಗೋಳಿಕ ಗುರುತು ಪಡೆದ ಆಟಿಕೆಯನ್ನು ಅದರ ನೋಂದಾಯಿತ ಹಕ್ಕುದಾರರು ಮಾಡಿ ಮಾರಿದರೆ ಐಎಸ್‌ಐ ಬೇಡ. ಚನ್ನಪಟ್ಟಣದ ಮರದ ಗೊಂಬೆ, ಕಿನ್ನಾಳದ ಗೊಂಬೆ ಈ ಲೆಕ್ಕಕ್ಕೆ ಬಂದವು. ಹೂಟಗಳ್ಳಿಯ ಬಟ್ಟೆ ಹುಲಿಗೆ ಆ ಗುರುತು ಎಲ್ಲಿಂದ ಬರಬೇಕು? ಬರೋದಿಲ್ಲ. ಆದರೆ ತಿದ್ದುಪಡಿಯ ಇನ್ನೊಂದು ಸಾಲು ಇದೆ: ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿ ಮಾಡಿ ಮಾರುವ ಆಟಿಕೆಗೂ ಆದೇಶ ಅನ್ವಯಿಸದು. ಈ ನೋಂದಣಿಗೆ ಕೊಡುವುದೇ ‘ಪೆಹಚಾನ್’ ಕಾರ್ಡ್. ಗೊಂಬೆ ಮತ್ತು ಆಟಿಕೆ ಮಾಡೋದು ಕರಕುಶಲ ಕಸುಬುಗಳ ಪಟ್ಟಿಯಲ್ಲಿ ಇರುವಂಥದೇ.

ಇಲ್ಲಿ ‘ಮಾಡಿ ಮಾರುವ’ ಎಂಬ ಎರಡು ಮಾತನ್ನು ಹಿಡಿದು ಓದಬೇಕು. ಕಾರ್ಡಿನವಳು ತಾನೇ ಮಾಡಿ ತಾನೇ ಮಾರಿದರೆ ನಿರಾಳ. ಅವಳಿಂದ ಕೊಂಡು ಅಂಗಡಿಯವನು ಮಾರಿದರೆ? ಅಕ್ಷರ ಹಿಡಿದು ಓದಿದರೆ ರಕ್ಷಣೆ ಅಂಗಡಿಯ ಹೊಸ್ತಿಲು ದಾಟೋದಿಲ್ಲ. ಅಂಗಡಿಯವರು ಕನಿಕರಕ್ಕೆ ಬಿದ್ದು ನಾಲ್ಕು ಗೊಂಬೆ ನೇತುಹಾಕುವ ಮುಂಚೆ ಮಾನಕ ಬ್ಯೂರೋದವರಿಂದ ಬರಹದಲ್ಲಿ ಕೇಳಿಕೊಳ್ಳೋದು ವಾಸಿ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬಿನಲ್ಲಿ ದರ್ಜಿಯೂ ಇದ್ದಾನೆ, ಸಾಂಪ್ರದಾಯಿಕ ಗೊಂಬೆ ಆಟಿಕೆ ಮಾಡುವವರೂ ಇದ್ದಾರೆ. ತರಬೇತಿಯ ದಿನಕ್ಕೆ 500 ರೂ., ಸಲಕರಣೆಗೆ 15,000 ರೂ., ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷ ಸಾಲ, ಬಡ್ಡಿ ಶೇ. 5. ಮನೆಗೆ ಒಬ್ಬರಿಗೆ ಮಾತ್ರ. ಗಂಡ ಗಾರೆ ಕೆಲಸದ ಲೆಕ್ಕದಲ್ಲಿ ಅರ್ಜಿ ಹಾಕಿದ್ದರೆ ಹೆಂಡತಿಗೆ ಇಲ್ಲ. ಅದಕ್ಕೇ ಮನೆಯಲ್ಲಿ ಮೊದಲು ಕೂತು ಮಾತಾಡಿಕೊಳ್ಳಿ.

ಕಾರ್ಡ್ ಇದ್ದವಳು ತಾನೇ ನಿಂತು ಮಾರಬೇಕಾದರೆ ಜಾಗ ಬೇಕಲ್ಲ? ಅದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಪಕ್ಕದ ಹೆಬ್ಬಾಳದ ಕಡೆ ರಿಂಗ್ ರೋಡಿನಲ್ಲೇ ಜೆಎಸ್‌ಎಸ್ ಅರ್ಬನ್ ಹಾಟ್ ಇದೆ. ಕುಶಲಕರ್ಮಿಗಳು ದಲ್ಲಾಳಿ ಇಲ್ಲದೆ ನೇರ ಮಾರಲಿ ಅಂತಲೇ ಕಟ್ಟಿದ ಸಂತೆ. ಒರಿಸ್ಸಾದವರು, ರಾಜಸ್ಥಾನದವರು, ಕಾಶ್ಮೀರದವರು ರೈಲು ಹತ್ತಿ ಬಂದು ಅಲ್ಲಿ ಮಳಿಗೆ ಹಾಕಿ ಹೋಗುತ್ತಾರೆ. ಹೂಟಗಳ್ಳಿಯವರು ಅದರ ಮುಂದೆಯೇ ದಿನಾ ಬಸ್ಸಿನಲ್ಲಿ ಹಾದುಹೋಗುತ್ತಾರೆ. ಇನ್ನೊಂದು, ದಸರಾ ವಸ್ತುಪ್ರದರ್ಶನ. ದೊಡ್ಡಕೆರೆ ಮೈದಾನದಲ್ಲಿ ತಿಂಗಳುಗಟ್ಟಲೆ ನಡೆಯುವ ಜಾತ್ರೆ. ಮನೆ ಮನೆಯಲ್ಲಿ ಪಟ್ಟದ ಬೊಂಬೆ ಕೂರಿಸಿ, ಆನೆ ಅಂಬಾರಿ ಸಾಲು ನಿಲ್ಲಿಸುವ ಕಾಲ ಅದು. ಅಲ್ಲಿ ಮಳಿಗೆ ಬೇಕಾದವರು ಕಾರ್ಡಿನ ಅರ್ಜಿಯನ್ನು ಮಹಾನವಮಿ ಹತ್ತಿರ ಬಂದಾಗ ಹುಡುಕಿದರೆ ಆಗದು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ, ಮಾಡಿದ ಗೊಂಬೆಯ ಒಂದು ನಮೂನೆ, ಇಷ್ಟನ್ನು ಈಗಲೇ ಒಂದು ಚೀಲಕ್ಕೆ ಹಾಕಿಟ್ಟುಕೊಳ್ಳಬೇಕು. ನಮೂನೆಗೆ ತಲೆ ಬಾಲ ಎರಡೂ ಇರಲಿ. ಕಚೇರಿಯ ಮೇಜಿನ ಮೇಲೆ ಬಿಚ್ಚಿ ಜೋಡಿಸಿ ತೋರಿಸಬೇಕಾಗಿ ಬಂದೀತು.